ಖಾಲಿ ಗುಮ್ಮಟ ಖಾಲಿಯಾಗಿಯೇ ಇರಲಿ

"ಎಕ್ಸ್‌ಚೇಂಜ್ ಸೆಮಿಸ್ಟರ್ ಮುಗಿಸಿಕೊಂಡು ಬಂದಿದ್ದೀರಿ, ಗ್ರೀಸ್ ಬಗ್ಗೆ ಒಂದು ಪ್ರವಾಸ ಕಥನ ಬರೆದುಕೊಡಿ" ಎಂದು ಪತ್ರಿಕೆಯ ಬಳಗದವರು ಕೇಳಿ ಎರಡು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಅದು ಪ್ರವಾಸ ಕಥನವಾಗದೆ ಜಗಳವಾಗಿ ಹೊರಬರುತ್ತಿತ್ತು. ಕೊನೆಗೆ ಜಗಳವನ್ನೇ ಬರೆದು ಕಳಿಸುತ್ತಿದ್ದೇವೆ. ನೀಲಿ ಬಾಗಿಲು, ಬಿಳಿ ಗೋಡೆ, ಸೂರ್ಯಾಸ್ತ ಬೇಕಾದವರು ಸ್ಯಾಂಟೊರಿನಿಯ ರೀಲ್ ನೋಡಿಕೊಳ್ಳಿ, ಬೇಕಾದಷ್ಟಿವೆ.

ಜಗಳ ಒಂದು ಆ್ಯಪ್‌ ಬಗ್ಗೆ. ಅದಕ್ಕೂ ಮೊದಲು ಖಿಯೋಸ್ ಎಂಬ ದ್ವೀಪದ ಬಗ್ಗೆ ಒಂದಿಷ್ಟು ಹೇಳಬೇಕು.

ಖಿಯೋಸ್ ಇರುವುದು ಏಜಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ರಾತ್ರಿ ಹಡಗು ಹತ್ತಿದರೆ ಬೆಳಗಿನ ಹೊತ್ತಿಗೆ ಇಳಿಯಬಹುದು. ಎದುರಿಗೆ ಟರ್ಕಿಯ ದಡ ಬರಿಗಣ್ಣಿಗೇ ಕಾಣುತ್ತದೆ. ದ್ವೀಪದ ದಕ್ಷಿಣದ ಹಳ್ಳಿಗಳಲ್ಲಿ ಒಂದು ಜಾತಿಯ ಕುಳ್ಳು ಮರಗಳ ತೊಗಟೆಗೆ ಗೀರು ಹಾಕಿ ಅಂಟು ತೆಗೆಯುತ್ತಾರೆ. ನಮ್ಮ ಯುನಾನಿ ಔಷಧದ ಅಂಗಡಿಗಳಲ್ಲಿ ರೂಮಿ ಮಸ್ತಗಿ ಅಂತ ಸಿಗುತ್ತಲ್ಲ, ಅದೇ. ಆ ಅಂಟಿನ ವ್ಯಾಪಾರದಿಂದಲೇ ಈ ದ್ವೀಪ ಶತಮಾನಗಳ ಕಾಲ ಚೆನ್ನಾಗಿ ಬಾಳಿತು.

ನಾವು ಮೂವರು (ಇಬ್ಬರು ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್) ಅಲ್ಲಿಗೆ ಹೋಗಿದ್ದು ನೆಯಾ ಮೊನಿ ನೋಡಲು. ಗ್ರೀಕ್‌ನಲ್ಲಿ ಹಾಗೆಂದರೆ 'ಹೊಸ ಮಠ'. ಹೊಸದು ಅಂದ್ರೆ ಎಷ್ಟು ಹೊಸದು? ಹತ್ತಿರ ಹತ್ತಿರ ಸಾವಿರ ವರ್ಷ! ಬೆಟ್ಟದ ಮೇಲಿದ್ದ ಮೂವರು ಸನ್ಯಾಸಿಗಳಿಗೆ ಪೊದೆಯೊಂದರಲ್ಲಿ ಮೇರಿ ಮಾತೆಯ ಚಿತ್ರ ಸಿಕ್ಕಿತಂತೆ. ಆಗ ಪಕ್ಕದ ದ್ವೀಪದಲ್ಲಿ ಗಡಿಪಾರಾಗಿ ಕೂತಿದ್ದ ಕಾನ್‌ಸ್ಟಂಟೈನ್ ಮೊನೊಮಾಕೋಸ್‌ಗೆ "ನೀನು ಚಕ್ರವರ್ತಿಯಾಗುತ್ತೀಯ" ಎಂದು ಅವರು ಭವಿಷ್ಯ ನುಡಿದರಂತೆ. ಆದರೆ ಮಠ ಕಟ್ಟಿಸಿಕೊಡುತ್ತೇನೆ ಎಂದು ಅವನು ಮಾತು ಕೊಟ್ಟನಂತೆ. 'ಅಂತೆ'ಗಳನ್ನು ಬಿಟ್ಟರೆ ಇತಿಹಾಸ ಇಷ್ಟು: 1042ರಲ್ಲಿ ಅವನು ಒಂಬತ್ತನೇ ಕಾನ್‌ಸ್ಟಂಟೈನ್ ಎಂಬ ಹೆಸರಿನಲ್ಲಿ ಬೈಜಾಂಟಿಯಮ್ ಸಿಂಹಾಸನ ಏರಿದ, ಮಠಕ್ಕೆ ಧಾರಾಳವಾಗಿ ಹಣ, ಭೂಮಿ ಕೊಟ್ಟ, 1055ರಲ್ಲಿ ತೀರಿಕೊಂಡ. ಒಂದು ಕಾಲದಲ್ಲಿ ಈ ಮಠದಲ್ಲಿ ನೂರಾರು ಸನ್ಯಾಸಿಗಳಿದ್ದರು. 1952ರಲ್ಲಿ ಇದು ಸನ್ಯಾಸಿನಿಯರ ಮಠವಾಯಿತು. 2001ರ ಜನಗಣತಿಯಲ್ಲಿ ಇಲ್ಲಿ ವಾಸವಿದ್ದವರ ಸಂಖ್ಯೆ 3.

ಮೂರು. ನಮ್ಮ ಹಾಸ್ಟೆಲ್‌ನ ಒಂದು ರೂಮಿನಷ್ಟು ಜನ.

ಇಷ್ಟನ್ನೂ ಓದಿಕೊಂಡೇ ಹೋಗಿದ್ದೆವು. ಓದದೆ ಬಿಟ್ಟಿದ್ದು ಒಂದೇ, ಸಮಯ. ಊರಿನಿಂದ ಟ್ಯಾಕ್ಸಿ ಮಾಡಿಕೊಂಡು, ತಿರುವು ತಿರುವಿನ ಬೆಟ್ಟದ ದಾರಿ ಹತ್ತಿ ಗೇಟಿನ ಮುಂದೆ ಇಳಿದಾಗ ಒಂದೂ ಕಾಲು. ಗೇಟು ಹಾಕಿತ್ತು. ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಟ್ಯಾಕ್ಸಿಯವರನ್ನು ಕಾಯಿಸುವಷ್ಟು ದುಡ್ಡಿರಲಿಲ್ಲ, ಕಳಿಸಿದೆವು. ಮರದ ನೆರಳಿನಲ್ಲಿ ಕೂತು ಮೊದಲ ಒಂದು ಗಂಟೆ ನಾವು ಮಾಡಿದ ಕೆಲಸ ಬೈಯುವುದು. "ಯುನೆಸ್ಕೊ ಸೈಟ್ ಗುರು, ಲಂಚ್ ಬ್ರೇಕ್ ಬೇರೆ!" ಯುನೆಸ್ಕೊ ವಿಷಯ ನಿಜವೇ. ಅಥೆನ್ಸ್ ಹತ್ತಿರದ ಡಾಫ್ನಿ ಮಠ, ನಡುನಾಡಿನ ಹೋಸಿಯೋಸ್ ಲೂಕಾಸ್ ಮಠದ ಜೊತೆ ಇದನ್ನೂ 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಎರಡನೇ ಗಂಟೆಯ ಹೊತ್ತಿಗೆ ಬೈಗುಳ ಖಾಲಿಯಾಗಿ ಯೋಚನೆ ಶುರುವಾಯಿತು. ನಮ್ಮಲ್ಲೊಬ್ಬನ ಅಜ್ಜಿ ಮನೆಯ ಪಕ್ಕದ ದೇವಸ್ಥಾನವೂ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಅದಕ್ಕೆ ನಾವು ಯಾವತ್ತೂ ಬೈದಿಲ್ಲ. ಅರ್ಚಕರು ಊಟ ಮಾಡಬೇಕು, ದೇವರೂ ಒಂದಿಷ್ಟು ಮಲಗಬೇಕು ಅಂತ ಹುಟ್ಟಿನಿಂದ ಗೊತ್ತು. ಇಲ್ಲಿ ಮಾತ್ರ ನಮಗೆ ಅದು ಮಠವಾಗಿ ಕಾಣದೆ ಟಿಕೆಟ್ ಕೌಂಟರ್ ಆಗಿ ಕಂಡಿತ್ತು. ಅಲ್ಲಿ ಟಿಕೆಟ್ಟೂ ಇಲ್ಲ ಎನ್ನುವುದು ಬೇರೆ ಮಾತು.

ನಾಲ್ಕಕ್ಕೆ ಗೇಟು ತೆಗೆಯಿತು. ಒಳಗೆ ಹೋದೊಡನೆ ಪಕ್ಕದಲ್ಲೇ ಒಂದು ಚಿಕ್ಕ ಗುಡಿಯಂಥ ಕೋಣೆ, ಹೋಲಿ ಕ್ರಾಸ್ ಚಾಪೆಲ್. ಅಲ್ಲಿ ಗಾಜಿನ ಬೀರುವಿನೊಳಗೆ ತಲೆಬುರುಡೆಗಳು, ಮೂಳೆಗಳು. 1822ರಲ್ಲಿ ಸತ್ತವರದು.

ಆ ವರ್ಷ ಗ್ರೀಕರ ಸ್ವಾತಂತ್ರ್ಯ ಸಮರ ಶುರುವಾಗಿ ಒಂದು ವರ್ಷ ಕಳೆದಿತ್ತು. ಖಿಯೋಸ್ ಜನ ಅದರಲ್ಲಿ ಅಷ್ಟಾಗಿ ಬೆರೆತಿರಲಿಲ್ಲ. ವ್ಯಾಪಾರ ಚೆನ್ನಾಗಿತ್ತು, ಒಟ್ಟೊಮನ್ ಸುಲ್ತಾನರು ಕೊಟ್ಟ ಸವಲತ್ತುಗಳಿದ್ದವು. ಸಾಮೋಸ್ ದ್ವೀಪದಿಂದ ಬಂದಿಳಿದವರು ದಂಗೆ ಎಬ್ಬಿಸಿದರು. ಅದನ್ನು ಅಡಗಿಸಲು ಬಂದ ಸುಲ್ತಾನನ ಪಡೆ ಇಡೀ ದ್ವೀಪಕ್ಕೆ ಶಿಕ್ಷೆ ಕೊಟ್ಟಿತು. ಹತ್ತಾರು ಸಾವಿರ ಜನರನ್ನು ಕೊಂದರು, ಅದಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಹಿಡಿದು ಮಾರಿದರು. ಫ್ರಾನ್ಸಿನ ಚಿತ್ರಕಾರ ದೆಲಾಕ್ರಾ ಎರಡೇ ವರ್ಷದಲ್ಲಿ ಇದನ್ನು ಆಳೆತ್ತರಕ್ಕೂ ದೊಡ್ಡ ಚಿತ್ರವಾಗಿ ಬರೆದ, ಅದು ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಮಠಗಳೊಳಗೆ ಓಡಿಬಂದು ಅಡಗಿದವರೂ ಉಳಿಯಲಿಲ್ಲ. ನೆಯಾ ಮೊನಿಯನ್ನು ಲೂಟಿ ಮಾಡಿ ಬೆಂಕಿ ಇಟ್ಟರು. ದ್ವೀಪದ ಇನ್ನೊಂದು ಮಠ ಆಗಿಯೋಸ್ ಮಿನಾಸ್‌ನಲ್ಲಿಯೂ ಇದೇ ಆಯಿತು. ಅಲ್ಲಿನ ಇಗರ್ಜಿಯ ನೆಲದ ಕಲೆಗಳನ್ನು ಇವತ್ತಿಗೂ ರಕ್ತದ ಕಲೆ ಎಂದೇ ತೋರಿಸುತ್ತಾರೆ.

ಈಗ ನಮ್ಮ ತಪ್ಪು. ನಮ್ಮಲ್ಲೊಬ್ಬ ಬುರುಡೆಗಳ ಮೇಲೆ ನಿಧಾನಕ್ಕೆ ಕ್ಯಾಮೆರಾ ಆಡಿಸಿ ಹನ್ನೆರಡು ಸೆಕೆಂಡಿನ ವಿಡಿಯೊ ಮಾಡಿದ. ರಾತ್ರಿ ಅದಕ್ಕೆ ಒಂದು ಥ್ರಿಲ್ಲರ್ ಸಿನಿಮಾದ ಹಿನ್ನೆಲೆ ಸಂಗೀತ ಹಾಕಿ ಏರಿಸಿದ. ಉಳಿದಿಬ್ಬರು ಬೇಡ ಅನ್ನಲಿಲ್ಲ, ಲೈಕ್ ಒತ್ತಿದೆವು. ಕ್ಯಾಂಪಸ್ಸಿನ ಎಷ್ಟೋ ಜನ ಅದನ್ನು ನೋಡಿದ್ದೀರಿ, 'ಸಖತ್' ಎಂದಿದ್ದೀರಿ. ಮರುದಿನ ಅಥೆನ್ಸ್‌ನ ನಮ್ಮ ಲ್ಯಾಬ್‌ನ ಗೆಳತಿಯೊಬ್ಬಳಿಂದ ಒಂದು ಮೆಸೇಜ್ ಬಂತು. ಬೈಗುಳ ಇರಲಿಲ್ಲ. ಅವಳ ತಾಯಿಯ ಕಡೆಯವರು ಖಿಯೋಸ್‌ನವರಂತೆ. "ಆ ಬೀರುವಿನಲ್ಲಿ ಯಾರಿದ್ದಾರೋ ನಮಗೆ ಗೊತ್ತಿಲ್ಲ, ಅದಕ್ಕೇ ಎಲ್ಲರೂ ನಮ್ಮವರೇ ಅಂದುಕೊಳ್ಳುತ್ತೇವೆ" ಎಂದು ಬರೆದಿದ್ದಳು, ಅಷ್ಟೇ. ವಿಡಿಯೊ ತೆಗೆದೆವು. ಯಾಕೆ ತೆಗೆದಿರಿ ಎಂದು ಕೇಳಿದವರಿಗೆಲ್ಲ ಈವರೆಗೆ 'ಕಾಪಿರೈಟ್ ಪ್ರಾಬ್ಲಮ್' ಅಂತ ಹೇಳಿದ್ದೆವು. ಕಾರಣ ಇದು.

ಮುಖ್ಯ ಇಗರ್ಜಿಗೆ ಬರೋಣ. ಸಿವಿಲ್‌ನವರಿಗೆ ಇಲ್ಲಿ ನಿಜಕ್ಕೂ ಹಬ್ಬ. ಒಳಗಿನ ಕೋಣೆ ಚೌಕ, ಮೇಲೆ ಗುಂಡು ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ಚೌಕದ ಮೇಲೆ ವೃತ್ತ ಕೂರಿಸುವುದು ಗುಮ್ಮಟ ಕಟ್ಟುವವರ ಹಳೆಯ ತಲೆನೋವು. ಮೂಲೆಗಳಲ್ಲಿ ಏನು ಮಾಡುತ್ತೀರಿ? ನೆಯಾ ಮೊನಿಯಲ್ಲಿ ಕೆಳಗಿನ ಚೌಕ ಮೇಲೇರುತ್ತ ಎಂಟು ಗೂಡುಗಳಾಗಿ ಒಡೆಯುತ್ತದೆ, ನಾಲ್ಕು ಗೋಡೆಗಳ ನಡುವೆ, ನಾಲ್ಕು ಮೂಲೆಗಳಿಗೆ ಅಡ್ಡಲಾಗಿ. ಎಂಟು ಗೂಡಿನ ನೆತ್ತಿಗಳು ಸೇರಿ ಅಷ್ಟಭುಜ, ಅಷ್ಟಭುಜದ ಮೇಲೆ ವೃತ್ತ. ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಒಂದನ್ನೊಂದು ಕತ್ತರಿಸುವ ಕಮಾನುಗಳು ಇದೇ ಕೆಲಸ ಮಾಡುತ್ತವೆ. ಗಾತ್ರದಲ್ಲಿ ಅದರ ಮುಂದೆ ಇದು ಮಗು. ಆದರೆ ಆರು ಶತಮಾನ ಹಿರಿಯ ಮಗು.

ಆ ಗೂಡುಗಳಲ್ಲೇ ಮೊಸಾಯಿಕ್ ಚಿತ್ರಗಳಿರುವುದು. ಬಂಗಾರದ ಬಣ್ಣದ ಹಿನ್ನೆಲೆ, ದಪ್ಪ ಗೆರೆಯ ಮುಖಗಳು, ಕಣ್ಣಿನ ಕೆಳಗೆ ಹಸಿರುಗಪ್ಪು ನೆರಳು. ಪಾತಾಳಕ್ಕಿಳಿದ ಕ್ರಿಸ್ತ ಆದಾಮನ ಕೈ ಹಿಡಿದು ಎಳೆಯುವ ಚಿತ್ರದ ಮುಂದೆ ನಾವು ತುಂಬ ಹೊತ್ತು ನಿಂತೆವು. ಅದು ಕೈ ಹಿಡಿಯುವುದಲ್ಲ, ಎಳೆಯುವುದೇ. ಬಾವಿಗೆ ಬಿದ್ದವನನ್ನು ಎತ್ತುವಂತೆ. ಚಿತ್ರಗಳು ಪೂರ್ತಿಯಾಗಿಲ್ಲ. ಒಂದರಲ್ಲಿ ಭುಜದಿಂದ ಕೆಳಗೆ ಏನಿಲ್ಲ, ಇನ್ನೊಂದರಲ್ಲಿ ಗುಂಪಿನ ಅರ್ಧ ಹಾರಿಹೋಗಿದೆ. ಹೋದ ಜಾಗದಲ್ಲಿ ಸಾದಾ ಗಾರೆ.

ಆಮೇಲೆ ತಲೆ ಎತ್ತಿದರೆ ಗುಮ್ಮಟ. ಖಾಲಿ.

1881ರ ಏಪ್ರಿಲ್‌ನಲ್ಲಿ ಖಿಯೋಸ್‌ನಲ್ಲಿ ಭಾರಿ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಅವತ್ತು ನೆಯಾ ಮೊನಿಯ ಗುಮ್ಮಟ ಕುಸಿಯಿತು, ಜೊತೆಗೆ ಅದರೊಳಗಿದ್ದ ಮೊಸಾಯಿಕ್ ಕೂಡ. ಬೈಜಾಂಟಿಯಮ್ ಇಗರ್ಜಿಗಳಲ್ಲಿ ಗುಮ್ಮಟದ ನೆತ್ತಿ ಎಲ್ಲಕ್ಕಿಂತ ಮುಖ್ಯವಾದ ಜಾಗ. ಅಲ್ಲಿ ಪಾಂಟೊಕ್ರಾಟರ್, ಅಂದರೆ ಸರ್ವವನ್ನೂ ಆಳುವ ಕ್ರಿಸ್ತ, ಕೆಳಗೆ ನಿಂತವರನ್ನು ನೋಡುತ್ತಿರುತ್ತಾನೆ. ಇಲ್ಲಿಯೂ ಇದ್ದ. ಗುಮ್ಮಟವನ್ನು ಮತ್ತೆ ಕಟ್ಟಿದರು. ಚಿತ್ರವನ್ನು ಕಟ್ಟಲಾಗಲಿಲ್ಲ. ಹಾಗಾಗಿ ಸುತ್ತಲಿನ ಎಲ್ಲ ಚಿತ್ರಗಳೂ ನಿಮ್ಮ ಕಣ್ಣನ್ನು ಮೇಲಕ್ಕೆ, ಮೇಲಕ್ಕೆ ಕಳಿಸಿ, ಕೊನೆಗೆ ಏನೂ ಇಲ್ಲದ ಕಡೆ ಬಿಟ್ಟುಬಿಡುತ್ತವೆ.

ಜಗಳ ಹುಟ್ಟಿದ್ದು ವಾಪಸ್ ಬರುವ ಹಡಗಿನಲ್ಲಿ. ಕಂಪ್ಯೂಟರ್ ಸೈನ್ಸ್‌ನವನ ಐಡಿಯಾ: ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಒಂದು ಆಗ್ಮೆಂಟೆಡ್ ರಿಯಾಲಿಟಿ ಆ್ಯಪ್. ಫೋನ್ ಮೇಲಕ್ಕೆ ಹಿಡಿದರೆ ಖಾಲಿ ಗುಮ್ಮಟದಲ್ಲಿ ಪಾಂಟೊಕ್ರಾಟರ್ ಮೂಡಬೇಕು, ಗೋಡೆಯ ಹಾಳಾದ ಜಾಗಗಳೆಲ್ಲ ತುಂಬಿಕೊಳ್ಳಬೇಕು, 1050ರ ಸುಮಾರಿಗೆ ಹೇಗಿತ್ತೋ ಹಾಗೆ. ಡೇಟಾ ಎಲ್ಲಿಂದ? ಡಾಫ್ನಿಯ ಗುಮ್ಮಟದಲ್ಲಿ ಪಾಂಟೊಕ್ರಾಟರ್ ಇನ್ನೂ ಇದ್ದಾನೆ, ಹುಬ್ಬು ಗಂಟಿಕ್ಕಿದ ಆ ಮುಖ ಜಗತ್ಪ್ರಸಿದ್ಧ. ಅದರ ಮೇಲೆ, ಜೊತೆಗೆ ನೆಯಾ ಮೊನಿಯಲ್ಲಿ ಉಳಿದ ಮುಖಗಳ ಮೇಲೆ ಮಾಡೆಲ್ ಟ್ರೇನ್ ಮಾಡಿದರೆ ಆಯ್ತು. ಒಪ್ಪುತ್ತೇವೆ, ಕೇಳಿದಾಗ ರೋಮಾಂಚನವಾಯಿತು. ಊರಿಗೆ ಬಂದು ಎರಡು ವಾರದಲ್ಲಿ ಡೆಮೊ ಕೂಡ ಆಯಿತು. ಲ್ಯಾಪ್‌ಟಾಪ್ ಪರದೆಯ ಮೇಲೆ ಗುಮ್ಮಟ ತುಂಬಿತು. ಚೆನ್ನಾಗಿಯೇ ಇತ್ತು, ಅದೇ ಸಮಸ್ಯೆ. ಅದು ಸುಳ್ಳು ಅಂತ ಯಾರಿಗೂ ಅನ್ನಿಸುವಂತಿರಲಿಲ್ಲ.

ಈಗ ನಾವು ಮೂವರೂ ಒಂದು ಕಡೆ ಇದ್ದೇವೆ, ಆ್ಯಪ್ ಹುಟ್ಟಿಸಿದವನೂ ಸೇರಿ. ನಮ್ಮ ಅಭಿಪ್ರಾಯ: ಆ ಗುಮ್ಮಟವನ್ನು ಯಾರೂ ತುಂಬಬಾರದು, ಬಣ್ಣದಿಂದಲೂ ಬೇಡ, ಪಿಕ್ಸೆಲ್‌ನಿಂದಲೂ ಬೇಡ.

ಡಾಫ್ನಿಯ ಚಿತ್ರ ನೆಯಾ ಮೊನಿಗಿಂತ ಈಚಿನದು, ಕೈ ಬೇರೆ, ಶೈಲಿ ಬೇರೆ. ಬೇಲೂರಿನ ಶಿಲಾಬಾಲಿಕೆಯ ಮುಖ ತೆಗೆದು ಬಾದಾಮಿಯ ಶಿಲ್ಪಕ್ಕೆ ಅಂಟಿಸಿದರೆ ನಾವು ಸುಮ್ಮನಿರುತ್ತೇವೆಯೇ? ಎರಡೂ ಕರ್ನಾಟಕದ್ದೇ, ಎರಡೂ ಕಲ್ಲೇ ಅಂತ ಯಾರಾದರೂ ಸಮಾಧಾನ ಹೇಳಿದರೆ ನಗುತ್ತೇವೆ. ಗ್ರೀಸ್‌ನದಾದರೆ ಮಾತ್ರ ನಮಗೆ ಎಲ್ಲ 'ಬೈಜಾಂಟಿಯಮ್ ಸ್ಟೈಲ್'. ಇನ್ನು ಡಾಫ್ನಿಯೂ ಹಾಗೆಯೇ ಉಳಿದು ಬಂದದ್ದಲ್ಲ. ಭೂಕಂಪಗಳಲ್ಲಿ ಬಿರುಕು ಬಿಟ್ಟ ಅದರ ಗುಮ್ಮಟವನ್ನು 19ನೇ ಶತಮಾನದ ಕೊನೆಯಲ್ಲಿ ಮತ್ತೆ ಕಟ್ಟಿ, ಮೊಸಾಯಿಕ್ ಬಿಡಿಸಿ ಮತ್ತೆ ಕೂರಿಸಿದ್ದಾರೆ. 1999ರ ಅಥೆನ್ಸ್ ಭೂಕಂಪದಲ್ಲಿ ಅದಕ್ಕೆ ಮತ್ತೆ ಪೆಟ್ಟಾಗಿ ವರ್ಷಗಟ್ಟಲೆ ಮುಚ್ಚಿತ್ತು. ನಾವು 'ಒರಿಜಿನಲ್' ಎಂದು ಡೌನ್‌ಲೋಡ್ ಮಾಡಿಕೊಂಡಿದ್ದ ಫೋಟೊ ಕೂಡ ದುರಸ್ತಿಯ ಫೋಟೊ.

"ಹಾಗಾದ್ರೆ ದುರಸ್ತಿಯೇ ತಪ್ಪಾ?" ಎಂದು ಒಬ್ಬ ಜೂನಿಯರ್ ಕೇಳಿದ. ಅಲ್ಲ. ಗುಮ್ಮಟ ಬಿದ್ದಾಗ ಮತ್ತೆ ಕಟ್ಟಲೇಬೇಕು, ಇಲ್ಲದಿದ್ದರೆ ಮಳೆ ನೀರು ಇಳಿದು ಉಳಿದ ಚಿತ್ರಗಳೂ ಹೋಗುತ್ತವೆ. ಸಡಿಲವಾದ ಹರಳು ಬೀಳದಂತೆ ಹಿಂದಿನ ಗಾರೆ ಗಟ್ಟಿ ಮಾಡಬೇಕು. ಇದು ಕಟ್ಟಡವನ್ನು ಉಳಿಸುವ ಕೆಲಸ. ಇಲ್ಲದ ಮುಖವನ್ನು ತಂದಿಡುವುದು ನೋಡುಗನನ್ನು ಖುಷಿಪಡಿಸುವ ಕೆಲಸ. ಎರಡಕ್ಕೂ 'ರೆಸ್ಟೊರೇಶನ್' ಎಂಬ ಒಂದೇ ಹೆಸರು ಇರುವುದೇ ಗೊಂದಲಕ್ಕೆ ಕಾರಣ.

ಜೂನಿಯರ್ ಬಿಡಲಿಲ್ಲ. ಗೋಡೆಯ ಮೇಲಂತೂ ಏನೂ ಮುಟ್ಟುವುದಿಲ್ಲವಲ್ಲ, ಫೋನ್ ಆಫ್ ಮಾಡಿದರೆ ಮುಗಿಯಿತಲ್ಲ, ನಷ್ಟ ಯಾರಿಗೆ ಎಂದ. ಇದು ಒಳ್ಳೆಯ ಪ್ರಶ್ನೆ. ನಮಗೂ ಇದಕ್ಕೆ ಉತ್ತರ ಹೇಳಲು ತುಂಬ ದಿನ ಬೇಕಾಯಿತು. ಉತ್ತರ ಸಿಕ್ಕಿದ್ದು ಆ ಅಳಿಸಿದ ರೀಲ್‌ನಿಂದ. ರೀಲ್ ಕೂಡ ಬುರುಡೆಗಳನ್ನು ಮುಟ್ಟಿರಲಿಲ್ಲ. ಆದರೆ ನೋಡಿದ ಸಾವಿರಾರು ಜನರ ಪಾಲಿಗೆ ಆ ಕೋಣೆ ಅಂದರೆ ಆ ಸಂಗೀತ. ಹಾಗೆಯೇ ಆ್ಯಪ್ ಹಿಡಿದು ಬಂದವನಿಗೆ ನೆಯಾ ಮೊನಿ ಅಂದರೆ ಫೋನಿನೊಳಗಿನ ತುಂಬಿದ ಗುಮ್ಮಟ. ಬರಿಗಣ್ಣಿನ ಗುಮ್ಮಟ ಅವನಿಗೆ ಲೋಡ್ ಆಗದ ಚಿತ್ರದಂತೆ ಕಾಣುತ್ತದೆ. ಬೆಂಕಿ ಬಿದ್ದದ್ದು, ನೆಲ ನಡುಗಿದ್ದು, ನೂರಾರು ಜನರಿದ್ದ ಮಠದಲ್ಲಿ ಮೂವರು ಉಳಿದದ್ದು, ಇದೆಲ್ಲ ಆ ಖಾಲಿ ಗಾರೆಯಲ್ಲಿದೆ. ನಾವು ಅದನ್ನು ಮುಚ್ಚಿಬಿಡುತ್ತಿದ್ದೆವು, ಅದೂ ಚಂದವಾಗಿ.

ಪೂರ್ತಿ ಚಿತ್ರ ನೋಡುವ ಆಸೆ ತಪ್ಪೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಖಿಯೋಸ್‌ನಲ್ಲೇ ದಾರಿಯಿದೆ. ದಕ್ಷಿಣದ ಪಿರ್ಗಿ ಎಂಬ ಹಳ್ಳಿಗೆ ಹೋಗಿ. ಮನೆಗಳ ಗೋಡೆಯ ಮೇಲೆಲ್ಲ ಗಾರೆ ಕೆರೆದು ಬಿಡಿಸಿದ ಕಪ್ಪು ಬಿಳುಪು ಚುಕ್ಕಿ, ತ್ರಿಕೋನ, ವಜ್ರಾಕೃತಿಗಳು. ನಮ್ಮ ಊರಿನ ರಂಗೋಲಿ ಎದ್ದು ಗೋಡೆ ಹತ್ತಿದಂತಿದೆ. ಹಳ್ಳಿಯ ಚೌಕದ ಪಕ್ಕ ಕಮಾನಿನ ಸಣ್ಣ ಓಣಿಯೊಳಗೆ ನುಗ್ಗಿದರೆ ಆಗೀ ಅಪೋಸ್ತೊಲಿ, ಹನ್ನೆರಡು ಶಿಷ್ಯರ ಇಗರ್ಜಿ. ನೆಯಾ ಮೊನಿಯನ್ನು ನೋಡಿ ಕಟ್ಟಿದ ಪುಟ್ಟ ನಕಲು ಇದು. 1665ರಲ್ಲಿ ಕ್ರೀಟ್ ದ್ವೀಪದ ಚಿತ್ರಕಾರನೊಬ್ಬ ಒಳಗೆ ಗೋಡೆ ತುಂಬ ಚಿತ್ರ ಬರೆದಿದ್ದಾನೆ. ಗಮನಿಸಿ, ಆತ ಆರು ನೂರು ವರ್ಷ ಹಿಂದಿನ ಶೈಲಿಯನ್ನು ನಟಿಸಲು ಹೋಗಲಿಲ್ಲ. ತನ್ನ ಕಾಲದ ಚಿತ್ರವನ್ನು ತನ್ನ ಕಾಲದ ಕೈಯಿಂದ ಬರೆದ, ವರ್ಷವೂ ನಮಗೆ ತಿಳಿದಿದೆ. ವಾವಿಲಿ ಎಂಬ ಊರಿನ ಹತ್ತಿರ ಪನಾಯಿಯಾ ಕ್ರಿನಾ ಎಂಬ ಇನ್ನೊಂದು ಹಳೆಯ ಇಗರ್ಜಿ ಇದೆ, ಅದೂ ಇದೇ ಅಷ್ಟಭುಜದ ಕುಟುಂಬದ್ದು. ಬಿದ್ದುಹೋದ ಗುಮ್ಮಟ ಹೇಗಿದ್ದೀತು ಎಂದು ಊಹಿಸಲು ಈ ಎರಡು ನಕಲುಗಳ ಕೆಳಗೆ ನಿಂತು ನೋಡಿದರೆ ಸಾಕು. ಊಹೆ ನಿಮ್ಮ ತಲೆಯಲ್ಲಿ ಇರುತ್ತದೆ, ಮೂಲದ ಮೇಲೆ ಕೂರುವುದಿಲ್ಲ.

ಪ್ರಾಜೆಕ್ಟ್ ಕೈಬಿಡಲಿಲ್ಲ, ಬಿಡಲು ಆಗುವುದೂ ಇಲ್ಲ, ಕ್ರೆಡಿಟ್ ಇದೆಯಲ್ಲ. ತಿರುಗಿಸಿದ್ದೇವೆ. ಈಗ ಆ್ಯಪ್ ಏನನ್ನೂ ತುಂಬುವುದಿಲ್ಲ. ಫೋನ್ ಹಿಡಿದರೆ ಕಟ್ಟಡದ ಯಾವ ಭಾಗ ಯಾವ ಕಾಲದ್ದು ಎಂದು ಬಣ್ಣದಲ್ಲಿ ತೋರಿಸುತ್ತದೆ: 11ನೇ ಶತಮಾನದ್ದು ಒಂದು ಬಣ್ಣ, 1881ರ ನಂತರದ್ದು ಇನ್ನೊಂದು, ಹೋದದ್ದು ಬೂದು. ಮಾಹಿತಿಗೆ ಡೂಲಾ ಮೂರಿಕಿ ಎಂಬ ಗ್ರೀಕ್ ವಿದುಷಿ ನೆಯಾ ಮೊನಿಯ ಮೊಸಾಯಿಕ್‌ಗಳ ಬಗ್ಗೆ 1985ರಲ್ಲಿ ತಂದ ಎರಡು ಸಂಪುಟಗಳನ್ನು ನೆಚ್ಚಿಕೊಂಡಿದ್ದೇವೆ. ಅಥೆನ್ಸ್‌ನ ಲೈಬ್ರರಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡು ಬಂದಿದ್ದು ಈಗ ಉಪಯೋಗಕ್ಕೆ ಬಂತು. ಡೆಮೊ ನೋಡಿದ ಗೈಡ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲೆ ಪೂರ್ತಿ ಬೂದು ಬರ್ತಿದೆಯಲ್ರೋ, ಬಗ್ ಇದೆಯಾ?" ಎಂದರು. ಇಲ್ಲ ಸರ್, ಅದು ಹಾಗೇ ಎಂದೆವು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಮುಂದೆ ಇದನ್ನು ಹೇಗೆ ಸಮರ್ಥಿಸಿಕೊಳ್ಳುತ್ತೀರೋ ನೋಡಿ ಎಂದು ಸಹಿ ಹಾಕಿಕೊಟ್ಟರು. ಮಾರ್ಕ್ಸ್ ಎಷ್ಟು ಬಂತು ಅಂತ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇವೆ.

ಬರುವ ವರ್ಷ ಎಕ್ಸ್‌ಚೇಂಜ್‌ಗೆ ಹೊರಟಿರುವ ಜೂನಿಯರ್‌ಗಳೇ, ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಚಪ್ಪಲಿ ಬಿಡಬೇಕಿಲ್ಲ, ಆದರೆ ಚಿತ್ರಪಟಗಳ ಸಾಲಿನ ಪರದೆಯ ಆಚೆ ಕಾಲಿಡಬೇಡಿ, ಅದು ಅವರ ಗರ್ಭಗುಡಿ. ಒಂದರಿಂದ ನಾಲ್ಕರವರೆಗೆ ಗೇಟು ಹಾಕಿರುತ್ತದೆ. ತಡವಾಗಿ ಹೋದರೆ ನೆರಳಿರುವುದು ಗೋಡೆಯ ಹೊರಗಿನ ಮರಗಳ ಕೆಳಗೆ, ಎಡಗಡೆಯ ಕಲ್ಲು ಕೂರಲು ಚೆನ್ನಾಗಿದೆ. ನೀರು ತೆಗೆದುಕೊಂಡು ಹೋಗಿ.